ತಂತಿಯ ಕೊನೆಯ ಮನೆ: ಕಂಪ್ಯೂಟರಿನ ಸ್ಟೆಬಿಲೈಜರ್ ನಡೆದು ಬಂದ ದಾರಿ

ಮನೆಗೆ ಬರುವ ವಿದ್ಯುತ್ತಿನ ವೋಲ್ಟೇಜ್ ಇಳಿದಾಗ ಎತ್ತಿ, ಏರಿದಾಗ ತಗ್ಗಿಸಿ, ಉಪಕರಣಕ್ಕೆ ಬೇಕಾದ ಮಟ್ಟದಲ್ಲಿ ಹಿಡಿದು ಕೊಡುವ ಪೆಟ್ಟಿಗೆಯೇ ವೋಲ್ಟೇಜ್ ಸ್ಟೆಬಿಲೈಜರ್. ಕರ್ನಾಟಕದ ಮನೆಗಳಲ್ಲಿ ಅದು ಮೊದಲು ರೇಡಿಯೊದ ಪಕ್ಕದಲ್ಲಿ ಕುಳಿತಿತು, ಆಮೇಲೆ ಟಿವಿಯ ಕೆಳಗೆ, ಫ್ರಿಜ್ಜಿನ ಮೇಲೆ, ಕೊನೆಗೆ ಕಂಪ್ಯೂಟರ್ ಮೇಜಿನ ಅಡಿಯಲ್ಲಿ. ಕಂಪ್ಯೂಟರಿಗೆ ಯಾವ ಸ್ಟೆಬಿಲೈಜರ್ ಹೊಂದುತ್ತದೆ ಎಂಬ ಪ್ರಶ್ನೆಗೆ ಕಳೆದ 40 ವರ್ಷಗಳಲ್ಲಿ ಉತ್ತರ ಹಲವು ಬಾರಿ ಬದಲಾಗಿದೆ. ಒಂದು ಕಡೆ ತಂತಿಯ ಸ್ಥಿತಿ ಬದಲಾಯಿತು, ಇನ್ನೊಂದು ಕಡೆ ಕಂಪ್ಯೂಟರಿನ ಹೊಟ್ಟೆಯೇ ಬದಲಾಯಿತು. ಈ ಎರಡನ್ನೂ ಒಟ್ಟಿಗೆ ನೋಡದೆ ಆರಿಸಿದ ಪೆಟ್ಟಿಗೆ ಅನೇಕ ಮನೆಗಳಲ್ಲಿ ಹಣ ತಿಂದಿದೆ, ಕೆಲವು ಮನೆಗಳಲ್ಲಿ ಯಂತ್ರವನ್ನೂ ಸುಟ್ಟಿದೆ.

ವೋಲ್ಟೇಜ್ ಕಾಯುವುದು ಆರಂಭದಲ್ಲಿ ಮನೆಯವರ ಕೆಲಸವಾಗಿರಲಿಲ್ಲ, ಪವರ್‌ಹೌಸಿನವರ ಕೆಲಸವಾಗಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ಹರಿದು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಬೆಂಗಳೂರಿನ ಬೀದಿದೀಪಗಳು 1905ರ ಆಗಸ್ಟಿನಲ್ಲಿ ಬೆಳಗಿದವು, ಮೈಸೂರಿಗೆ ಬೆಳಕು ಬಂದದ್ದು 1908ರಲ್ಲಿ. ಆ ಕಾಲದ ಪವರ್‌ಹೌಸುಗಳಲ್ಲಿ ಸ್ವಿಚ್‌ಬೋರ್ಡಿನ ಮುಂದೆ ನಿಂತ ಸಿಬ್ಬಂದಿ ಮೀಟರಿನ ಮುಳ್ಳು ನೋಡುತ್ತ ಜನರೇಟರಿನ ಕಾಂತಕ್ಷೇತ್ರದ ಪ್ರವಾಹವನ್ನು ಹೆಚ್ಚುಕಡಿಮೆ ಮಾಡುತ್ತಿದ್ದರು. ಬಳಕೆದಾರರು ಕೆಲವೇ ಮಂದಿ, ಅವರೂ ಸಬ್‌ಸ್ಟೇಷನ್ನಿಗೆ ಹತ್ತಿರದವರು. ಅಲ್ಲಿ ಹಿಡಿದಿಟ್ಟ ಮಟ್ಟ ಹೆಚ್ಚು ಕೆಡದೆ ಮನೆ ತಲುಪುತ್ತಿತ್ತು.

ಮಟ್ಟ ಕೆಟ್ಟರೆ ಮೊದಲು ತಿಳಿಯುತ್ತಿದ್ದುದು ಬಲ್ಬಿನಿಂದ. ವೋಲ್ಟೇಜ್ ಶೇ 10 ಇಳಿದರೆ ತಂತುವಿನ ಬಲ್ಬಿನ ಬೆಳಕು ಶೇ 30ರಷ್ಟು ಕುಗ್ಗುತ್ತದೆ. ಶೇ 10 ಏರಿದರೆ ಅದರ ಆಯುಸ್ಸು ಸರಿಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 1956ರ ಭಾರತೀಯ ವಿದ್ಯುತ್ ನಿಯಮಗಳು ಮನೆಗೆ ಕೊಡುವ ವೋಲ್ಟೇಜ್ ಘೋಷಿತ ಮಟ್ಟದಿಂದ ಶೇ 6ಕ್ಕಿಂತ ಆಚೀಚೆ ಹೋಗಬಾರದೆಂದು ವಿಧಿಸಿದವು. 230 ವೋಲ್ಟಿಗೆ ಲೆಕ್ಕ ಹಾಕಿದರೆ ಅದು 216ರಿಂದ 244ರವರೆಗಿನ ಪಟ್ಟಿ. ಈ ಪಟ್ಟಿಯೊಳಗೆ ಎಲ್ಲ ಮನೆಗಳೂ ಇದ್ದಿದ್ದರೆ ಸ್ಟೆಬಿಲೈಜರ್ ಎಂಬ ವಸ್ತು ಈ ನಾಡಿನಲ್ಲಿ ಮಾರಾಟವಾಗುತ್ತಲೇ ಇರಲಿಲ್ಲ.

ಪಟ್ಟಿ ಮುರಿದದ್ದು ತಂತಿ ಉದ್ದವಾದಾಗ. 1957ರ ಅಕ್ಟೋಬರಿನಲ್ಲಿ ಸ್ಥಾಪನೆಯಾದ ವಿದ್ಯುಚ್ಛಕ್ತಿ ಮಂಡಳಿ, ಜನರ ಬಾಯಲ್ಲಿ ಕೆಇಬಿ, ಹಳ್ಳಿಹಳ್ಳಿಗೆ ಕಂಬ ನೆಟ್ಟಿತು. ಅದು ದೊಡ್ಡ ಸಾಧನೆ. ದೀಪದ ಹಿಂದೆಯೇ ಬಾವಿಗೆ ಪಂಪ್‌ಸೆಟ್ಟೂ ಬಂತು. 11,000 ವೋಲ್ಟಿನ ಮಾರ್ಗವನ್ನು ಊರಿನ ಅಂಚಿನ ಟ್ರಾನ್ಸ್‌ಫಾರ್ಮರ್, ಅಂದರೆ ರೈತರು ಹೇಳುವ ಟಿಸಿ, ಮನೆ ಮತ್ತು ಪಂಪಿನ ಮಟ್ಟಕ್ಕೆ ಇಳಿಸುತ್ತದೆ. ಅಲ್ಲಿಂದ ಮುಂದಿನದು ಎಲ್‌ಟಿ, ಅಂದರೆ ಲೋ ಟೆನ್ಷನ್, ಲೈನು. ಅದರಲ್ಲಿ ಬಳಸಿದ ಉಕ್ಕಿನ ಎಳೆಯಿರುವ ಅಲ್ಯೂಮಿನಿಯಂ ತಂತಿಗಳಿಗೆ ಪ್ರಾಣಿಗಳ ಹೆಸರು: ರ‍್ಯಾಬಿಟ್, ವೀಸಲ್, ಸ್ಕ್ವಿರಲ್. ಸಾಮಾನ್ಯವಾಗಿ ಹೆಸರಿನ ಪ್ರಾಣಿ ಚಿಕ್ಕದಾದಷ್ಟೂ ತಂತಿಯೂ ಸಣ್ಣದು. ವೀಸಲ್ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.9 ಓಮ್. 5 ಎಚ್‌ಪಿಯ ನಾಲ್ಕು ಪಂಪುಗಳು ಒಟ್ಟಿಗೆ ಓಡಿದರೆ ಪ್ರತಿ ಫೇಸಿನಲ್ಲಿ ಸುಮಾರು 30 ಆಂಪಿಯರ್ ಹರಿಯುತ್ತದೆ. ಅಂಥ ಒಂದು ಕಿಲೋಮೀಟರ್ ತಂತಿಯ ಕೊನೆಯಲ್ಲಿರುವ ಮನೆಯವರು 25 ವೋಲ್ಟಿಗೂ ಹೆಚ್ಚು ಕಳೆದುಕೊಂಡಿರುತ್ತಾರೆ. ಪಂಪು ಶುರುವಾಗುವ ಕ್ಷಣದಲ್ಲಂತೂ ಅದು ಎಳೆಯುವ ಪ್ರವಾಹ ಓಡುವಾಗಿನದರ ಐದಾರು ಪಟ್ಟು. ಬಾವಿಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದಂತೆ ಪಂಪಿನ ಎಚ್‌ಪಿಯೂ ಏರಿತು, ಟಿಸಿ ಮಾತ್ರ ಅನೇಕ ಕಡೆ ಹಳೆಯದೇ ಉಳಿಯಿತು.

ಇಲ್ಲಿ ಒಂದು ವಿಷಚಕ್ರವಿದೆ. ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ. ವೋಲ್ಟೇಜ್ ಶೇ 20 ಇಳಿದರೆ ಬಲ ಶೇ 36 ಇಳಿಯುತ್ತದೆ. ನೀರಿನ ಭಾರ ಅಷ್ಟೇ ಇರುವುದರಿಂದ ಮೋಟಾರು ಹೆಚ್ಚು ಪ್ರವಾಹ ಎಳೆಯುತ್ತದೆ, ಅದರಿಂದ ವೋಲ್ಟೇಜ್ ಮತ್ತೂ ಇಳಿಯುತ್ತದೆ. ಹಗಲಿಗೆ ಕೆಲವೇ ಗಂಟೆ ತ್ರೀ ಫೇಸ್, ಮಿಕ್ಕ ವೇಳೆ ಮನೆಗಳಿಗಾಗಿ ಸಿಂಗಲ್ ಫೇಸ್ ಎಂಬ ವ್ಯವಸ್ಥೆ ಬಂದಾಗ, ಒಣಗುವ ಬೆಳೆ ನೋಡಲಾರದ ರೈತರು ಕಂಡೆನ್ಸರ್ ಕಟ್ಟಿ ಸಿಂಗಲ್ ಫೇಸಿನಲ್ಲೇ ಪಂಪು ಓಡಿಸಿದರು. ಸಂಜೆಯ ಹೊತ್ತಿಗೆ ಟ್ಯೂಬ್‌ಲೈಟು ಮಿಣುಕುತ್ತ ಹತ್ತದೇ ಉಳಿಯುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಕಡಿಮೆ ವೋಲ್ಟೇಜ್ ಎಲ್ಲರಿಗೂ ಕಾಣುತ್ತಿತ್ತು. ಹೆಚ್ಚು ವೋಲ್ಟೇಜ್ ಕಾಣುತ್ತಿರಲಿಲ್ಲ. ಹಗಲಿನ ಕೊರತೆ ತುಂಬಲು ಟ್ರಾನ್ಸ್‌ಫಾರ್ಮರಿನ ಟ್ಯಾಪನ್ನು ಮೇಲಕ್ಕೆ ಕಟ್ಟಿದ ಕಡೆ, ಮಳೆ ಬಂದು ಪಂಪುಗಳೆಲ್ಲ ನಿಂತ ರಾತ್ರಿ ಅದೇ ಮನೆಗಳಿಗೆ 260 ವೋಲ್ಟ್ ದಾಟಿ ಬರುತ್ತಿತ್ತು. ಇದಕ್ಕಿಂತ ಘೋರವಾದದ್ದು ನ್ಯೂಟ್ರಲ್ ಕಟ್ಟಾಗುವುದು. ಮರದ ಕೊಂಬೆ ಬಿದ್ದೋ, ಕಂಬದ ಮೇಲಿನ ಜಂಪರ್ ಸಡಿಲಗೊಂಡೋ ನ್ಯೂಟ್ರಲ್ ತಂತಿ ಕಡಿದರೆ, ಎರಡು ಫೇಸುಗಳ ನಡುವಿನ 400 ವೋಲ್ಟಿನಷ್ಟು ಎರಡು ಗುಂಪು ಮನೆಗಳ ಮೇಲೆ ಹಂಚಿ ಬೀಳುತ್ತದೆ. ಕಡಿಮೆ ಉಪಕರಣ ಹಚ್ಚಿದ್ದ ಮನೆಗೆ ಹೆಚ್ಚಿನ ಪಾಲು. ಒಂದೇ ಬೀದಿಯಲ್ಲಿ ಅರ್ಧ ಮನೆಗಳ ದೀಪ ಮಂಕಾಗಿ ಉಳಿದ ಅರ್ಧದ ದೀಪ ಕಣ್ಣು ಕೋರೈಸಿದರೆ ಮೇನ್ ಸ್ವಿಚ್ ಇಳಿಸಬೇಕೆಂಬುದನ್ನು ಲೈನ್‌ಮನ್‌ಗಳು ಮನೆಮನೆಗೆ ಹೇಳುತ್ತ ಬಂದಿದ್ದಾರೆ. ಸ್ಟೆಬಿಲೈಜರಿನ ಆಯ್ಕೆಯಲ್ಲಿ ಈ ಒಂದು ಅಪಾಯ ಬಹಳ ಕಾಲ ಲೆಕ್ಕಕ್ಕೇ ಬರಲಿಲ್ಲ.

ಮನೆಯೊಳಗೆ ಬಂದ ಮೊದಲ ಮದ್ದು ಕೈಯಿಂದ ತಿರುಗಿಸುವ ಬೂಸ್ಟರ್. ಒಂದು ಆಟೋಟ್ರಾನ್ಸ್‌ಫಾರ್ಮರ್, ಅದರ ಸುರುಳಿಯಿಂದ ಹೊರತೆಗೆದ ನಾಲ್ಕೈದು ಕವಲು, ಒಂದು ಗುಂಡಿ, ಒಂದು ಮುಳ್ಳಿನ ಮೀಟರು. ಬೆಳಕು ಕುಂದಿದಾಗ ಗುಂಡಿಯನ್ನು ಒಂದು ಹಂತ ಮುಂದಕ್ಕೆ ತಿರುಗಿಸಬೇಕು. ತಿರುಗಿಸಿದವರು ಮರೆತು ಊಟಕ್ಕೆ ಕುಳಿತಾಗ ಪಂಪುಗಳು ನಿಂತರೆ ರೇಡಿಯೊಗೆ 300 ವೋಲ್ಟ್ ಹೋಗುತ್ತಿತ್ತು. ಮನುಷ್ಯನ ಕೈಯ ಕೆಲಸವನ್ನು ರಿಲೇಗೆ ಕೊಟ್ಟಾಗ ಹುಟ್ಟಿದ್ದು ಆಟೋಮ್ಯಾಟಿಕ್ ಸ್ಟೆಬಿಲೈಜರ್. ಟಕ್ ಎಂಬ ಸದ್ದಿನೊಂದಿಗೆ ರಿಲೇ ಒಂದು ಕವಲಿನಿಂದ ಇನ್ನೊಂದಕ್ಕೆ ಹಾರುತ್ತದೆ, ಕೆಂಪು ದೀಪ ಹಸಿರಾಗುತ್ತದೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಮರುವರ್ಷ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿವಿ ದೇಶಕ್ಕೆ ಬಂತು. ಟಿವಿಯ ಜೊತೆಗೆ ಸ್ಟೆಬಿಲೈಜರ್ ಕೊಳ್ಳುವುದು ರೂಢಿಯಾಯಿತು. ಕೊಚ್ಚಿಯಲ್ಲಿ 1977ರಲ್ಲಿ ಚಿಕ್ಕ ಘಟಕವಾಗಿ ಆರಂಭವಾದ ವಿ-ಗಾರ್ಡ್ ಸ್ಟೆಬಿಲೈಜರ್ ಒಂದನ್ನೇ ನಂಬಿ ಬೆಳೆದದ್ದು ಈ ಕಾಲದಲ್ಲೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಟ್ರಾನ್ಸ್‌ಫಾರ್ಮರ್, ರಿಲೇ, ಮೀಟರುಗಳನ್ನು ಬಿಡಿಬಿಡಿಯಾಗಿ ಕೊಂಡು ತಾವೇ ಜೋಡಿಸಿಕೊಳ್ಳುವವರೂ ಇದ್ದರು.

ಮನೆ ಕಂಪ್ಯೂಟರ್ ಬಂದದ್ದು ಇಂಥ ತಂತಿಯ ತುದಿಗೆ. 1984–85ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಡಿ ಶಾಲೆಗಳಿಗೆ ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರ್ ಬಂತು. 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದನ್ನು ಸಡಿಲಿಸಿತು. ಅನುಕೂಲಸ್ಥರ ಮನೆಗಳಲ್ಲಿ ಸಿಂಕ್ಲೇರ್ ಸ್ಪೆಕ್ಟ್ರಮ್ಮಿನಂಥ ಪುಟ್ಟ ಯಂತ್ರಗಳು ಟಿವಿಗೆ ಜೋಡಿಕೊಂಡವು. ಸ್ಪೆಕ್ಟ್ರಮ್ಮಿನ ವಿದ್ಯುತ್ ವ್ಯವಸ್ಥೆ ಹಳೆಯ ರೇಡಿಯೊಗಳದ್ದೇ ಜಾತಿ. ಹೊರಗಿನ ಅಡಾಪ್ಟರಿನಲ್ಲಿ ಕಬ್ಬಿಣದ ತಿರುಳಿನ ಟ್ರಾನ್ಸ್‌ಫಾರ್ಮರು 230 ವೋಲ್ಟನ್ನು 9ರ ಆಸುಪಾಸಿಗೆ ಇಳಿಸುತ್ತದೆ. ಯಂತ್ರದೊಳಗಿನ 7805 ಎಂಬ ಮೂರು ಕಾಲಿನ ಚಿಪ್ಪು ಅದನ್ನು ಕರಾರುವಾಕ್ಕಾಗಿ 5 ವೋಲ್ಟಿಗೆ ತರುತ್ತದೆ. ಈ ಚಿಪ್ಪಿಗೆ ತನ್ನ ಹೊರಹರಿವಿಗಿಂತ ಸುಮಾರು 2 ವೋಲ್ಟ್ ಹೆಚ್ಚು ಒಳಹರಿವು ಬೇಕೇ ಬೇಕು. ಗೋಡೆಯ ವೋಲ್ಟೇಜ್ 170ಕ್ಕೆ ಇಳಿದರೆ 9 ವೋಲ್ಟು 7ರ ಕೆಳಗೆ ಜಾರುತ್ತದೆ, ಚಿಪ್ಪು ಕೈಬಿಡುತ್ತದೆ, ಯಂತ್ರ ತನ್ನಷ್ಟಕ್ಕೆ ಮತ್ತೆ ಶುರುವಾಗುತ್ತದೆ. ಒಂದು ಗಂಟೆ ಕುಳಿತು ಟೈಪ್ ಮಾಡಿದ ಪ್ರೋಗ್ರಾಮು ನೆನಪಿನಿಂದ ಅಳಿದುಹೋಗುತ್ತದೆ. ವೋಲ್ಟೇಜ್ ಏರಿದರೆ ಹೆಚ್ಚಿನದೆಲ್ಲ ಶಾಖವಾಗಿ ಚಿಪ್ಪನ್ನು ಕುದಿಸುತ್ತದೆ. ಇಂಥ ಕಂಪ್ಯೂಟರಿಗೆ ಹೊರಗಿನ ಸ್ಟೆಬಿಲೈಜರ್ ನಿಜವಾಗಿಯೂ ಬೇಕಿತ್ತು. ಕಂಪ್ಯೂಟರ್ ಅಂದರೆ ಸ್ಟೆಬಿಲೈಜರ್ ಎಂಬ ನಂಬಿಕೆ ಬೇರೂರಿದ್ದು ಈ ಅನುಭವದಿಂದ.

ಅದೇ ಹೊತ್ತಿಗೆ ಇನ್ನೊಂದು ಜಾತಿಯ ವಿದ್ಯುತ್ ವ್ಯವಸ್ಥೆ ಬೆಳೆಯುತ್ತಿತ್ತು. 1977ರ ಆಪಲ್ 2 ಯಂತ್ರಕ್ಕೆ ರಾಡ್ ಹೋಲ್ಟ್ ಎಂಬ ಎಂಜಿನಿಯರ್ ರೂಪಿಸಿದ್ದು ಎಸ್‌ಎಂಪಿಎಸ್, ಅಂದರೆ ಸ್ವಿಚ್ ಮೋಡ್ ಪವರ್ ಸಪ್ಲೈ. 1981ರ ಐಬಿಎಂ ಪಿಸಿಯಲ್ಲಿದ್ದುದೂ ಅದೇ ಬಗೆಯ 63.5 ವ್ಯಾಟಿನ ಘಟಕ. ಅದು ಗೋಡೆಯ ವಿದ್ಯುತ್ತನ್ನು ಮೊದಲು ಇಳಿಸುವುದೇ ಇಲ್ಲ. ನೇರವಾಗಿ ಸುಮಾರು 325 ವೋಲ್ಟಿನ ಡಿಸಿಯಾಗಿ ಮಾಡಿ, ಟ್ರಾನ್ಸಿಸ್ಟರಿನಿಂದ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ತುಂಡರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನಿಂದ ಬೇಕಾದ ಮಟ್ಟಕ್ಕೆ ತರುತ್ತದೆ. ಹೊರಗೆ ಕೊಡುತ್ತಿರುವ 5 ಅಥವಾ 12 ವೋಲ್ಟನ್ನು ಸದಾ ಅಳೆಯುತ್ತ, ಕಡಿಮೆಯಾದರೆ ಟ್ರಾನ್ಸಿಸ್ಟರನ್ನು ತುಸು ಹೆಚ್ಚು ಹೊತ್ತು ತೆರೆದಿಡುತ್ತದೆ. ಗೋಡೆಯಲ್ಲಿ 180 ಇರಲಿ, 260 ಇರಲಿ, ಒಳಗಿನ 5 ವೋಲ್ಟು ಅಲುಗುವುದಿಲ್ಲ. ಅಂದರೆ ಸ್ಟೆಬಿಲೈಜರ್ ಆಗಲೇ ಕಂಪ್ಯೂಟರಿನೊಳಗೆ ಸೇರಿಕೊಂಡಿತ್ತು. ಈ ಸಂಗತಿ ಕೊಳ್ಳುವವರಿಗೂ ಮಾರುವವರಿಗೂ ತಲುಪಲು 20 ವರ್ಷವಾದರೂ ಬೇಕಾಯಿತು. 180ರ ಕೆಳಗೂ ಇಳಿಯುವ ಊರುಗಳು ಬೇಕಾದಷ್ಟು ಇದ್ದುದರಿಂದ ಹಳೆಯ ನಂಬಿಕೆಗೆ ಆಧಾರವೂ ಇತ್ತೆನ್ನಬೇಕು.

1980ರ ದಶಕದ ಕೊನೆಯಲ್ಲೂ 1990ರ ದಶಕದಲ್ಲೂ ಕಂಪ್ಯೂಟರಿನ ಪಕ್ಕದಲ್ಲಿ ಗೌರವದ ಸ್ಥಾನ ಪಡೆದದ್ದು ಸಿವಿಟಿ, ಅಂದರೆ ಕಾನ್‌ಸ್ಟಂಟ್ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್. ಅಮೆರಿಕದ ಜೋಸೆಫ್ ಸೋಲಾ 1938ರಲ್ಲಿ ಕಂಡುಹಿಡಿದದ್ದು. ಇದರಲ್ಲಿ ರಿಲೇ ಇಲ್ಲ, ಮೋಟಾರಿಲ್ಲ, ಚಲಿಸುವ ಭಾಗ ಒಂದೂ ಇಲ್ಲ. ಎರಡನೇ ಸುರುಳಿಗೆ ಒಂದು ಕೆಪಾಸಿಟರ್ ಜೋಡಿಸಿ ತಿರುಳಿನ ಆ ಭಾಗವನ್ನು ಕಾಂತೀಯವಾಗಿ ತುಂಬಿ ತುಳುಕುವಂತೆ ಮಾಡಿರುತ್ತಾರೆ. ತುಂಬಿದ ಕೊಡಕ್ಕೆ ಮತ್ತಷ್ಟು ಸುರಿದರೂ ಕೊಡ ಹಿಡಿಯುವುದು ಅಷ್ಟೇ. ಒಳಗೆ ಬರುವ ವೋಲ್ಟೇಜ್ ಹೇಗೆ ಕುಣಿದರೂ ಹೊರಗೆ ಬರುವುದು ಶೇ 1ರ ಆಚೀಚೆ ನಿಲ್ಲುತ್ತದೆ. ಸಿಡಿಲಿನ ಹೊಡೆತವಿರಲಿ, ಪಕ್ಕದ ವೆಲ್ಡಿಂಗ್ ಅಂಗಡಿಯ ಗಲಭೆಯಿರಲಿ, ಬಹುಮಟ್ಟಿಗೆ ತಿರುಳಿನಲ್ಲೇ ಸತ್ತುಹೋಗುತ್ತದೆ. ತಾಲ್ಲೂಕು ಕೇಂದ್ರಗಳಲ್ಲಿ ಲಗ್ನಪತ್ರಿಕೆ, ಕರಪತ್ರಗಳ ಅಕ್ಷರ ಜೋಡಿಸುತ್ತಿದ್ದ ಡಿಟಿಪಿ ಅಂಗಡಿಗಳಲ್ಲಿ, ಬ್ಯಾಂಕುಗಳಲ್ಲಿ, ಸಹಕಾರ ಸಂಘಗಳಲ್ಲಿ ಅದರ ಗುಂಯ್‌ಗುಟ್ಟುವ ಸದ್ದು ದಿನವಿಡೀ ಇರುತ್ತಿತ್ತು. ಕನ್ನಡದ ಅಕ್ಷರಗಳು ಮೊಳೆಯಿಂದ ಪರದೆಗೆ ಏರಿದ ಆ ವರ್ಷಗಳ ಎಷ್ಟೋ ಪುಟಗಳು ಈ ಭಾರದ ಕಬ್ಬಿಣದ ನೆರಳಿನಲ್ಲಿ ತಯಾರಾದವು. ಆ ಸೇವೆಯನ್ನು ಮುದ್ರಣದ ಚರಿತ್ರೆ ಬರೆಯುವವರು ನೆನೆಯಬೇಕು.

ಸಿವಿಟಿಗೆ ಮೂರು ದೋಷಗಳಿದ್ದವು. ಕಂಪ್ಯೂಟರ್ ಹಚ್ಚಲಿ ಬಿಡಲಿ, ತಿರುಳು ತುಂಬಿಯೇ ಇರಬೇಕಾದ್ದರಿಂದ ಅದು ಸದಾ ಬಿಸಿ, ಸದಾ ವಿದ್ಯುತ್ ತಿನ್ನುತ್ತದೆ. ಎರಡನೆಯದು, ಹೊರಬರುವ ಅಲೆಯ ನೆತ್ತಿ ಚಪ್ಪಟೆ. ಎಸ್‌ಎಂಪಿಎಸ್ ಕುಡಿಯುವುದು ಅಲೆಯ ನೆತ್ತಿಯಿಂದಲೇ, ಹೀಗಾಗಿ ಮೀಟರು 230 ತೋರಿಸಿದರೂ ಯಂತ್ರಕ್ಕೆ ಅಷ್ಟು ಸಿಗುತ್ತಿರಲಿಲ್ಲ. ಅಲೆಯನ್ನು ದುಂಡಗೆ ಮಾಡುವ ಹೆಚ್ಚುವರಿ ಸುರುಳಿಯಿದ್ದ ಸಿವಿಟಿಗಳಿಗೆ ಬೆಲೆ ಹೆಚ್ಚು. ಮೂರನೆಯದು ಭಾರತದಲ್ಲಿ, ಅದರಲ್ಲೂ ದಕ್ಷಿಣದಲ್ಲಿ, ದೊಡ್ಡದಾಗಿ ಕಾಡಿದ ದೋಷ: ಸಿವಿಟಿ ವೋಲ್ಟೇಜನ್ನು ಸಹಿಸುತ್ತದೆ, ಆವರ್ತನವನ್ನು ಸಹಿಸುವುದಿಲ್ಲ. ಆವರ್ತನ ಶೇ 1 ಇಳಿದರೆ ಹೊರಹರಿವು ಸುಮಾರು ಶೇ 1.5 ಇಳಿಯುತ್ತದೆ. ನಿಯಮದ ಪ್ರಕಾರ 50 ಹರ್ಟ್ಸಿನಿಂದ ಶೇ 3ರಷ್ಟೇ ಆಚೀಚೆ ಹೋಗಬಹುದಾಗಿದ್ದ ಆವರ್ತನ, ಬೇಡಿಕೆ ಏರಿದ ಸಂಜೆಗಳಲ್ಲಿ ದಕ್ಷಿಣದ ಜಾಲದಲ್ಲಿ 48.5ಕ್ಕಿಂತ ಕೆಳಗಿಳಿಯುತ್ತಿತ್ತು.

ಆವರ್ತನದ ಈ ಕುಸಿತದ ಹಿಂದೆಯೂ ನಾಡಿನದೇ ಕಥೆಯಿದೆ. ಶರಾವತಿ ಕಣಿವೆಯ ವಿದ್ಯುತ್ತನ್ನು ನೆಚ್ಚಿಕೊಂಡ ರಾಜ್ಯಕ್ಕೆ ಮಳೆ ಕೈಕೊಟ್ಟ ವರ್ಷವೆಲ್ಲ ಕತ್ತಲೆಯ ವರ್ಷ. ರಾಯಚೂರಿನ ಉಷ್ಣ ಸ್ಥಾವರದ ಮೊದಲ ಘಟಕ 1985ರಲ್ಲಿ ಬಂದ ಮೇಲೂ ಬೇಡಿಕೆ ಮುಂದೆ ಓಡುತ್ತಲೇ ಇತ್ತು. 2003ರ ಜನವರಿಯಲ್ಲಿ ದಕ್ಷಿಣ ಜಾಲಕ್ಕೆ ಬಂದ ಹೊಸ ದರಪದ್ಧತಿಯಲ್ಲಿ, ಆವರ್ತನ ಇಳಿದಾಗ ನಿಗದಿಗಿಂತ ಹೆಚ್ಚು ಎಳೆಯುವ ರಾಜ್ಯ ದುಬಾರಿ ಬೆಲೆ ತೆರಬೇಕಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ರಾಷ್ಟ್ರೀಯ ಜಾಲದೊಂದಿಗೆ ಒಂದೇ ತಾಳಕ್ಕೆ ಸೇರಿತು. ಆವರ್ತನ 50ರ ಬಳಿ ನಿಲ್ಲತೊಡಗಿತು. ಅಷ್ಟರಲ್ಲಿ ಸಿವಿಟಿಯ ಕಾಲ ಮುಗಿದಿತ್ತು.

ಸಿವಿಟಿಯ ಅಳತೆಯಲ್ಲೂ ಜನ ಎಡವಿದರು. 1990ರ ದಶಕದ ಪಿಸಿ ಮತ್ತು ಬಣ್ಣದ ಮಾನಿಟರ್ ಸೇರಿ 200ರಿಂದ 250 ವ್ಯಾಟ್ ಎಂದುಕೊಂಡರೆ 500 ವಿಎ (ವೋಲ್ಟ್-ಆಂಪಿಯರ್) ಸಿವಿಟಿ ಧಾರಾಳವಾಗಿ ಸಾಲುತ್ತಿತ್ತು. ಅದಕ್ಕೇ ಲೇಸರ್ ಪ್ರಿಂಟರನ್ನೂ ಚುಚ್ಚಿದರೆ ಪ್ರಿಂಟರಿನ ಬಿಸಿ ರೋಲರು ಕ್ಷಣಮಾತ್ರಕ್ಕೆ 700–800 ವ್ಯಾಟ್ ಎಳೆಯುತ್ತದೆ. ಮಿತಿ ಮೀರಿದ ಸಿವಿಟಿ ಸ್ವಲ್ಪ ಕಡಿಮೆ ಕೊಡುವುದಿಲ್ಲ, ಪೂರ್ತಿ ಕುಸಿಯುತ್ತದೆ.

ಸರ್ವೋ ಸ್ಟೆಬಿಲೈಜರಿನ ದಾರಿ ಬೇರೆ. ಅದರಲ್ಲಿ ದುಂಡನೆಯ ಸುರುಳಿಯ ಮೇಲೆ ಇದ್ದಿಲ ಬ್ರಷ್ ಒಂದನ್ನು ಪುಟ್ಟ ಮೋಟಾರು ಹಿಂದೆಮುಂದೆ ಸರಿಸುತ್ತದೆ. ಅಲೆ ಕೆಡುವುದಿಲ್ಲ, ಮಟ್ಟವೂ ಶೇ 1ರೊಳಗೆ ನಿಲ್ಲುತ್ತದೆ. ಮೋಟಾರು ಸರಿಯುವಷ್ಟು ಹೊತ್ತು ಮಾತ್ರ ಕಾಯಬೇಕು. ಹಠಾತ್ ಏರಿಳಿತ ಅದನ್ನು ದಾಟಿಹೋಗಿರುತ್ತದೆ. ಇಡೀ ಮನೆಗೋ ಪ್ರಿಂಟಿಂಗ್ ಪ್ರೆಸ್ಸಿಗೋ ಆಸ್ಪತ್ರೆಗೋ ಅದು ತಕ್ಕ ಸಾಧನ. ಒಂಟಿ ಕಂಪ್ಯೂಟರಿಗೆ ದುಬಾರಿ.

ತಪ್ಪು ಆಯ್ಕೆಗಳಲ್ಲಿ ಸಾಮಾನ್ಯವಾದದ್ದು ಬೇರೆ ಉಪಕರಣದ ಸ್ಟೆಬಿಲೈಜರನ್ನು ಕಂಪ್ಯೂಟರಿಗೆ ಕಟ್ಟುವುದು. ಫ್ರಿಜ್ಜಿನದು ಕರೆಂಟು ಹೋಗಿ ಬಂದ ಮೇಲೆ ಕೆಲವು ನಿಮಿಷ ತಡೆದು ಕೊಡುತ್ತದೆ, ಏಕೆಂದರೆ ಕಂಪ್ರೆಸರಿನೊಳಗಿನ ಒತ್ತಡ ಇಳಿಯಬೇಕು. ಕಂಪ್ಯೂಟರಿಗೆ ಆ ತಡೆಯಿಂದ ಲಾಭವೇನೂ ಇಲ್ಲ. ರಿಲೇ ಕವಲು ಬದಲಿಸುವಾಗ ಕೆಲವು ಮಿಲಿಸೆಕೆಂಡು ಪ್ರವಾಹ ಕಡಿಯುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ತುಂಬಿಟ್ಟುಕೊಂಡದ್ದರಿಂದ 16ರಿಂದ 20 ಮಿಲಿಸೆಕೆಂಡು ದೂಡುತ್ತದೆ, ಅಗ್ಗದ್ದು ದೂಡುವುದಿಲ್ಲ. ಸ್ಟೆಬಿಲೈಜರ್ ಟಕ್ಕೆಂದಾಗಲೆಲ್ಲ ಕಂಪ್ಯೂಟರ್ ಮರುಶುರುವಾಗುವ ಮನೆಗಳಲ್ಲಿ ಜನ ಕಂಪ್ಯೂಟರನ್ನು ಬೈದರು. ದೋಷ ಇವೆರಡರ ಹೊಂದಾಣಿಕೆಯದು. ಇನ್ನೊಂದು ಅಪಾಯ ಹಳೆಯ ಎಸ್‌ಎಂಪಿಎಸ್‌ಗಳ ಬೆನ್ನಿಗಿದ್ದ 115/230ರ ಕೆಂಪು ಸ್ವಿಚ್ಚು. ಅದು ಅಮೆರಿಕದ 115 ವೋಲ್ಟಿಗೂ ನಮ್ಮ 230ಕ್ಕೂ ಆರಿಸಿಕೊಳ್ಳುವ ಸ್ವಿಚ್ಚು, ಏರಿಳಿತ ಸರಿಪಡಿಸುವುದಲ್ಲ. ಲೋ ವೋಲ್ಟೇಜಿಗೆ ಮದ್ದೆಂದು 115ಕ್ಕೆ ತಳ್ಳಿದರೆ ಮರುಕ್ಷಣ ಕೆಪಾಸಿಟರ್ ಸಿಡಿಯುತ್ತದೆ.

ಬರಹ ತಂತ್ರಾಂಶ 1998ರಲ್ಲಿ, ನುಡಿ ತಂತ್ರಾಂಶ ಅದಾದ ಕೆಲವೇ ವರ್ಷಗಳಲ್ಲಿ ಬಂದು, ಕನ್ನಡದಲ್ಲಿ ಬರೆಯಲೆಂದೇ ಮನೆಗೆ ಕಂಪ್ಯೂಟರ್ ತರುವವರು ಹೆಚ್ಚಾದರು. ಅವರನ್ನು ಏರಿಳಿತಕ್ಕಿಂತ ಹೆಚ್ಚಾಗಿ ಕಾಡಿದ್ದು ಕರೆಂಟು ಹೋಗುವುದು. ಉಳಿಸದ ಕಡತ ಹೋಗುತ್ತಿತ್ತು, ಕೆಲವೊಮ್ಮೆ ಹಾರ್ಡ್‌ಡಿಸ್ಕೂ ಕೆಡುತ್ತಿತ್ತು. ಹೀಗೆ, ಕರೆಂಟು ಹೋದಾಗ ಬ್ಯಾಟರಿಯಿಂದ ಕೊಡುವ ಯುಪಿಎಸ್ ಸ್ಟೆಬಿಲೈಜರಿನ ಜಾಗ ಹಿಡಿಯಿತು. ಒಳಗೆ 12 ವೋಲ್ಟಿನ 7 ಆಂಪಿಯರ್-ಗಂಟೆಯ ಒಂದು ಮುಚ್ಚಿದ ಬ್ಯಾಟರಿ, 600 ವಿಎ ಅಳತೆ, ಹತ್ತು ಹದಿನೈದು ನಿಮಿಷದ ಆಸರೆ. ಮೊದಲ ಅಗ್ಗದ ಆಫ್‌ಲೈನ್ ಯುಪಿಎಸ್‌ಗಳು ವೋಲ್ಟೇಜ್ ಸ್ವಲ್ಪ ಇಳಿದರೂ ಬ್ಯಾಟರಿಗೆ ಹಾರುತ್ತಿದ್ದವು. ದಿನಕ್ಕೆ ಹತ್ತಾರು ಬಾರಿ ಹಾರಿದರೆ ಬ್ಯಾಟರಿ ವರ್ಷದೊಳಗೆ ಸಾಯುತ್ತದೆ. ಲೈನ್-ಇಂಟರ್‌ಆಕ್ಟಿವ್ ಎಂಬ ಬಗೆ ಬಂದ ಮೇಲೆ ಇದು ಬಹುಮಟ್ಟಿಗೆ ನೀಗಿತು. ಅದರೊಳಗೇ ರಿಲೇ ಸ್ಟೆಬಿಲೈಜರ್ ಇದ್ದು, ಚಿಕ್ಕ ಏರಿಳಿತವನ್ನು ಕವಲು ಬದಲಿಸಿ ಸರಿಪಡಿಸುತ್ತದೆ, ತೀರ ಇಳಿದಾಗಷ್ಟೇ ಬ್ಯಾಟರಿ ಮುಟ್ಟುತ್ತದೆ. ಮನೆಯ ಕಂಪ್ಯೂಟರಿಗಾಗಿ ಬಂದ ಪೆಟ್ಟಿಗೆಗಳಲ್ಲಿ ಬೆಲೆಗೆ ತಕ್ಕ ಕೆಲಸ ಮಾಡಿದ್ದು ಇದೇ.

ಗಂಟೆಗಟ್ಟಲೆ ಲೋಡ್‌ಶೆಡ್ಡಿಂಗ್ ಇದ್ದ ಊರುಗಳಲ್ಲಿ 15 ನಿಮಿಷ ಸಾಲದೆ ಜನ 150 ಆಂಪಿಯರ್-ಗಂಟೆಯ ದೊಡ್ಡ ಬ್ಯಾಟರಿಯ ಇನ್ವರ್ಟರಿಗೆ ಹೋದರು. ಅನೇಕ ಇನ್ವರ್ಟರುಗಳ ಹಿಂದೆ ಒಂದು ಚಿಕ್ಕ ಸ್ವಿಚ್ ಇದೆ: ಒಂದು ಕಡೆ ನಾರ್ಮಲ್, ಇನ್ನೊಂದು ಕಡೆ ಯುಪಿಎಸ್. ನಾರ್ಮಲ್‌ನಲ್ಲಿ ಅದು ಸುಮಾರು 100ರಿಂದ 280 ವೋಲ್ಟಿನವರೆಗೂ ಬಂದದ್ದನ್ನು ಹಾಗೇ ಮನೆಗೆ ಬಿಡುತ್ತದೆ, ಬದಲಾವಣೆಯೂ ನಿಧಾನ. ಯುಪಿಎಸ್ ಕಡೆಗಿಟ್ಟರೆ ಪಟ್ಟಿ ಸುಮಾರು 180–260ಕ್ಕೆ ಕಿರಿದಾಗುತ್ತದೆ, ಬದಲಾವಣೆ ಚುರುಕಾಗುತ್ತದೆ. ಕಂಪ್ಯೂಟರಿರುವ ಮನೆಯಲ್ಲಿ ಆ ಸ್ವಿಚ್ ಯುಪಿಎಸ್ ಕಡೆಗಿರಬೇಕು. ಸಾವಿರಾರು ರೂಪಾಯಿಯ ಇನ್ವರ್ಟರ್ ಕೊಂಡೂ ಈ ಸ್ವಿಚ್ ಮುಟ್ಟದೆ, ಕಂಪ್ಯೂಟರ್ ಆರಿಹೋಗುತ್ತದೆಂದು ಬೇರೆ ಯುಪಿಎಸ್ ಕೊಂಡ ಮನೆಗಳಿವೆ.

ಮಲೆನಾಡಿನದು ಪ್ರತ್ಯೇಕ ಪರಿಸ್ಥಿತಿ. ಅಡಿಕೆ ತೋಟಗಳ ನಡುವೆ ಒಂಟಿ ಮನೆಗಳು, ಕಾಡು ಸೀಳಿ ಬರುವ ಉದ್ದದ ಲೈನು, ಮಳೆಗಾಲದಲ್ಲಿ ವಾರಗಟ್ಟಲೆ ಕತ್ತಲೆ. ಅಲ್ಲಿ ಎಷ್ಟೋ ಮನೆಯವರು ಹಳ್ಳದ ನೀರಿಗೆ ಪೈಪು ಹಾಕಿ ಪುಟ್ಟ ಟರ್ಬೈನ್ ತಿರುಗಿಸಿ ಸ್ವಂತ ವಿದ್ಯುತ್ ಮಾಡಿಕೊಂಡರು. ನೀರಿನ ವೇಗ ಒಂದೇ, ಮನೆಯ ಬಳಕೆ ಬೇರೆ ಬೇರೆ; ದೀಪ ಆರಿಸಿದರೆ ವೋಲ್ಟೇಜ್ ಏರುತ್ತದೆ. ಇದಕ್ಕೆ ಅವರು ಬಳಸುವುದು ಲೋಡ್ ಕಂಟ್ರೋಲರ್. ಮನೆ ಬಳಸದೆ ಬಿಟ್ಟ ವಿದ್ಯುತ್ತನ್ನೆಲ್ಲ ಅದು ಕಾಯಿಲ್‌ಗೆ ತಿರುಗಿಸುತ್ತದೆ, ಬಚ್ಚಲಿನ ನೀರು ಕಾಯುತ್ತದೆ, ವೋಲ್ಟೇಜ್ ನಿಲ್ಲುತ್ತದೆ. ಶತಮಾನದ ಹಿಂದೆ ಪವರ್‌ಹೌಸಿನ ಸ್ವಿಚ್‌ಬೋರ್ಡಿನಲ್ಲಿ ನಡೆಯುತ್ತಿದ್ದ ಕೆಲಸ ಇಲ್ಲಿ ಬಚ್ಚಲುಮನೆಯಲ್ಲಿ ನಡೆಯುತ್ತದೆ.

ಈ ನಡುವೆ ತಂತಿಯೂ ಸುಧಾರಿಸಿತು. ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಎಂಬ ನಿಗಮವಾಯಿತು, 2002ರಲ್ಲಿ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ ಎಂಬ ವಿತರಣಾ ಕಂಪನಿಗಳು ಹುಟ್ಟಿದವು. ನಿರಂತರ ಜ್ಯೋತಿ ಯೋಜನೆ ಪಂಪ್‌ಸೆಟ್ಟಿನ ಫೀಡರನ್ನೂ ಮನೆಗಳ ಫೀಡರನ್ನೂ ಬೇರ್ಪಡಿಸಿತು. ಹಳ್ಳಿಮನೆಯ ವೋಲ್ಟೇಜಿಗೆ ಅದು ಮಾಡಿದಷ್ಟು ಉಪಕಾರವನ್ನು ಮನೆಮನೆಯ ಸ್ಟೆಬಿಲೈಜರುಗಳೆಲ್ಲ ಸೇರಿಯೂ ಮಾಡಿರಲಿಲ್ಲ. ಏಕೆಂದರೆ ಸ್ಟೆಬಿಲೈಜರ್ ವೋಲ್ಟೇಜನ್ನು ಹುಟ್ಟಿಸುವುದಿಲ್ಲ. 160ನ್ನು 230ಕ್ಕೆ ಎತ್ತಲು ಅದು ತಂತಿಯಿಂದ ಹೆಚ್ಚುಕಡಿಮೆ ಒಂದೂವರೆ ಪಟ್ಟು ಪ್ರವಾಹ ಎಳೆಯುತ್ತದೆ, ಆ ಎಳೆತಕ್ಕೆ ಮುಂದಿನ ಮನೆಯ ವೋಲ್ಟೇಜ್ ಇನ್ನಷ್ಟು ಕುಗ್ಗುತ್ತದೆ.

ಈಗಿನ ಲ್ಯಾಪ್‌ಟಾಪ್ ಅಡಾಪ್ಟರುಗಳ ಮೇಲೆ 100–240 ಎಂದೇ ಬರೆದಿರುತ್ತದೆ, ಒಳ್ಳೆಯ ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳ ಮೇಲೂ ಅಷ್ಟೇ. ಇವಕ್ಕೆ ಬರಿಯ ಸ್ಟೆಬಿಲೈಜರ್ ಬೇಡ. ಬೇಕಾದ್ದು ಬೇರೆ. ಮೊದಲನೆಯದು ಅರ್ಥಿಂಗ್: ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಮೂರನೇ ಪಿನ್ನಿಗೆ ನೆಲದ ಸಂಪರ್ಕವಿಲ್ಲ ಎಂದೇ ತಿಳಿಯಬೇಕು. ಉಪ್ಪು, ಇದ್ದಿಲು ತುಂಬಿದ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಕೆಲಸಕ್ಕೆ ಬಾರದು, ನೀರು ಹೊಯ್ಯುತ್ತಿರಬೇಕು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸ್ಪೈಕ್ ಗಾರ್ಡ್ ಕೂಡ ಅರೆಬರೆ. ಎರಡನೆಯದು, ವೋಲ್ಟೇಜ್ ಮಿತಿ ಮೀರಿದರೆ ಸರಬರಾಜನ್ನೇ ಕಡಿಯುವ ಸಾಧನ. ನ್ಯೂಟ್ರಲ್ ಕಡಿದ ದಿನ ಯಂತ್ರಗಳನ್ನು ಉಳಿಸುವುದು ಅದೊಂದೇ. ಸ್ಪೈಕ್ ಗಾರ್ಡಿನೊಳಗಿನ ವೇರಿಸ್ಟರ್ ಕ್ಷಣಕಾಲದ ಹೊಡೆತಕ್ಕೆ ಮಾತ್ರ, ನಿಮಿಷಗಟ್ಟಲೆ ಬರುವ 350 ವೋಲ್ಟಿಗೆ ಅದೇ ಸುಟ್ಟುಹೋಗುತ್ತದೆ. ಮೂರನೆಯದು ಡೆಸ್ಕ್‌ಟಾಪಿಗೆ ಲೈನ್-ಇಂಟರ್‌ಆಕ್ಟಿವ್ ಯುಪಿಎಸ್, ಕಂಪ್ಯೂಟರಿನ ಬಳಕೆಗಿಂತ ಮೂರನೇ ಒಂದು ಭಾಗವಾದರೂ ಹೆಚ್ಚು ವ್ಯಾಟಿನದು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ವಿಎ ಅಲ್ಲ, ಚಿಕ್ಕದಾಗಿ ಬರೆದ ವ್ಯಾಟ್ ನೋಡಿ ಕೊಳ್ಳಬೇಕು.

100–240ರ ಎಸ್‌ಎಂಪಿಎಸ್ ಇಲ್ಲದ ಕಂಪ್ಯೂಟರಿಗೆ ಸ್ಟೆಬಿಲೈಜರ್ ಇನ್ನೂ ಬೇಕಾಗುವುದು 170ಕ್ಕಿಂತ ಕೆಳಗೆ ದಿನವೂ ಇಳಿಯುವ ಮನೆಯಲ್ಲಿ. ಅಂಥ ಮನೆಯವರು ಕೊಳ್ಳುವ ಮುನ್ನ ಒಂದು ವಾರ ಬೆಳಗ್ಗೆ, ಸಂಜೆ, ನಡುರಾತ್ರಿ ಮೀಟರಿನಲ್ಲಿ ವೋಲ್ಟೇಜ್ ನೋಡಿ ಬರೆದಿಡಲಿ. ಅದೇ ಹಾಳೆಯನ್ನು ಸೆಕ್ಷನ್ ಆಫೀಸಿಗೆ ಕೊಟ್ಟು, 1912 ಸಹಾಯವಾಣಿಗೂ ಕರೆ ಮಾಡಿ ದೂರು ದಾಖಲಿಸಲಿ. ಟಿಸಿಯ ಟ್ಯಾಪ್ ಬದಲಿಸುವುದು, ಫೇಸುಗಳ ಹೊರೆ ಸರಿದೂಗಿಸುವುದು, ಹೊಸ ಟಿಸಿ ಹತ್ತಿರಕ್ಕೆ ತರುವುದು ವಿದ್ಯುತ್ ಕಂಪನಿಯ ಹೊಣೆ.